ಸುಮಾಳಿಗೆ ದೊಡ್ಡಪ್ಪನ ಕಾಗದ

ಸೋಮವಾರಪೇಟೆ

ಚಿ. ಸುಮಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಕಾಗದದ ಉಳಿದ ವಿಷಯಗಳಿಗೆ ಆಮೇಲೆ ಬರೆಯುತ್ತೇನೆ. ‘ದೊಡ್ಡಮ್ಮನಿಗೆ ಆದ ಹಾಗೆ ಅಪ್ಪನ ರಕ್ತನಾಳವೂ ಒಡೆದರೆ?’ ಎಂದು ಅಪ್ಪನಿಗೆ ಮಾಡಲಿರುವ ಆಂಜಿಯೋಪ್ಲಾಸ್ಟಿಯ ಬಗ್ಗೆ ನೀನು ಬರೆದ ಆ ಒಂದು ಸಾಲು ನನ್ನನ್ನು ನಿದ್ದೆ ಮಾಡಗೊಡಲಿಲ್ಲ.

ಒಡೆಯುವುದೇ ಇಲ್ಲವೆಂದು ನಾನು ಹೇಳಲಾರೆ. ಹೃದಯದ ಕಟ್ಟಿಕೊಂಡ ನಾಳವನ್ನು ಅಗಲಿಸಲು ಅದರೊಳಗೆ ಬಲೂನು ಉಬ್ಬಿಸುವಾಗಲೋ, ಒಳಗೆ ತೂರಿಸುವ ತೆಳುವಾದ ತಂತಿಯ ತುದಿ ಸಣ್ಣ ಕವಲನ್ನು ಚುಚ್ಚಿದಾಗಲೋ ನಾಳ ತೂತಾಗಬಹುದು. ಸೋರಿದ ರಕ್ತ ಹೃದಯದ ಸುತ್ತಲಿನ ಚೀಲದಲ್ಲಿ ತುಂಬಿ ಹೃದಯವನ್ನೇ ಅಮುಕಬಹುದು. ಆದರೆ ನೂರರಲ್ಲಿ ಒಬ್ಬರಿಗೂ ಹೀಗಾಗುವುದಿಲ್ಲ, ಆದವರೆಲ್ಲರೂ ಹೋಗಿಬಿಡುವುದೂ ಇಲ್ಲ. ಬಲೂನನ್ನೇ ಒತ್ತಿಹಿಡಿದು ಸೋರಿಕೆ ನಿಲ್ಲಿಸುತ್ತಾರೆ, ಬೇಕಾದರೆ ಪೊರೆ ಹೊದಿಸಿದ ಸ್ಟೆಂಟ್ (ನಾಳವನ್ನು ತೆರೆದಿಡುವ ಸಣ್ಣ ಜಾಲರಿ ಕೊಳವೆ) ಕೂರಿಸುತ್ತಾರೆ, ಚೀಲದ ರಕ್ತವನ್ನು ಸೂಜಿಯಿಂದ ಹೊರಗೆಳೆಯುತ್ತಾರೆ.

ಇಷ್ಟನ್ನು ನಾನು ತಿಳಿದುಕೊಂಡದ್ದು ಅವಳು ಹೋದ ಎಷ್ಟೋ ವರ್ಷಗಳ ಮೇಲೆ. ಆ ಸಂಜೆ ಡಾಕ್ಟರು ಹೊರಗೆ ಬಂದು ನಿಧಾನವಾಗಿಯೇ ವಿವರಿಸಿದರು, ನನ್ನ ಕಿವಿಗೆ ಒಂದು ಮಾತೂ ಇಳಿಯಲಿಲ್ಲ. ಮತ್ತೆ ಹೋಗಿ ಕೇಳಲಿಲ್ಲವಲ್ಲ ಎಂಬ ಕೊರಗು ಈಗಲೂ ಇದೆ. ಕೇಳಿದ್ದರೆ ಅಷ್ಟು ಕಾಲ ಆ ಮನುಷ್ಯನ ಮೇಲೆ ಸಿಟ್ಟು ಇಟ್ಟುಕೊಳ್ಳುತ್ತಿರಲಿಲ್ಲವೇನೋ.

ಅವಳನ್ನು ಕರೆದೊಯ್ದದ್ದು ಹೃದಯಾಘಾತ ಆಗುತ್ತಿರುವಾಗ, ಆಷಾಢದ ಮಳೆಯಲ್ಲಿ, ಮೈಸೂರು ಮುಟ್ಟುವಷ್ಟರಲ್ಲಿ ಹೊತ್ತು ಮೀರಿತ್ತು. ಸುಣ್ಣಗಟ್ಟಿ ಗಡುಸಾದ ನಾಳ, ಮೊದಲೇ ಸೋತ ಮೂತ್ರಪಿಂಡ. ನಿನ್ನ ಅಪ್ಪ ತೋಟದಲ್ಲಿ ನಡೆದಾಡಿಕೊಂಡಿದ್ದು, ದಿನ ಗೊತ್ತುಮಾಡಿಕೊಂಡು ಹೋಗುತ್ತಿದ್ದಾನೆ. ಅಪಾಯವನ್ನು ಅಳೆಯುವಾಗ ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡ. 1977ರಲ್ಲಿ ಜ್ಯೂರಿಕ್‌ನಲ್ಲಿ ಗ್ರುಂಟ್ಸಿಗ್ ಎಂಬ ವೈದ್ಯರು ಈ ಚಿಕಿತ್ಸೆಯನ್ನು ಆರಂಭಿಸಿದ ಕಾಲದಲ್ಲಿ ನಾಳ ಮುಚ್ಚಿಕೊಂಡು ತುರ್ತಾಗಿ ಎದೆ ತೆರೆಯಬೇಕಾಗಿ ಬರುವುದು ಅಪರೂಪವಾಗಿರಲಿಲ್ಲ. ಸ್ಟೆಂಟ್ ಬಂದ ಮೇಲೆ ಅದು ನೂರಕ್ಕೆ ಒಂದಕ್ಕಿಂತ ಕೆಳಗಿಳಿದಿದೆ. ಹೀಗೆ ಬರೆದರೂ ನಿನ್ನ ಭಯ ಪೂರ್ತಿ ಹೋಗದೆಂದು ಗೊತ್ತು, ನನ್ನದೂ ಹೋಗಿಲ್ಲ.

ಹೇಳಲು ನಾನೇನು ಡಾಕ್ಟರಲ್ಲ. ಆದರೂ, ಕೈಯ ಮಣಿಕಟ್ಟಿನ ಮೂಲಕ ಮಾಡಲಾದೀತೇ ಎಂದು ಕೇಳು, ತೊಡೆಗಿಂತ ಅಲ್ಲಿ ರಕ್ತಸ್ರಾವ ಕಡಿಮೆ. ಎಕ್ಸ್‌ರೇಯಲ್ಲಿ ನಾಳ ಕಾಣಲೆಂದು ಒಳಗೆ ಬಿಡುವ ಬಣ್ಣದ ಔಷಧ ಮೂತ್ರಪಿಂಡಕ್ಕೆ ಭಾರವಾಗಬಹುದು, ಆದ್ದರಿಂದ ಮೂತ್ರಪಿಂಡ ಹೇಗಿದೆಯೆಂದು ತಿಳಿಸುವ ಕ್ರಿಯಾಟಿನಿನ್ ರಿಪೋರ್ಟನ್ನೂ ಸಕ್ಕರೆ ಕಾಯಿಲೆಯ ಮಾತ್ರೆಗಳ ಚೀಟಿಯನ್ನೂ ಮೊದಲೇ ತೋರಿಸು. ಸ್ಟೆಂಟ್ ಹಾಕಿದ ಮೇಲೆ ರಕ್ತ ಹೆಪ್ಪುಗಟ್ಟದಂತೆ ಕೊಡುವ ಎರಡು ಮಾತ್ರೆಗಳನ್ನು ಡಾಕ್ಟರು ಹೇಳದೆ ನಿಲ್ಲಿಸಬಾರದು. ನಿನ್ನ ಅಪ್ಪ ಹಲ್ಲು ಕೀಳಿಸುವ ನೆಪದಲ್ಲಿ ನಿಲ್ಲಿಸುವಂಥವನೇ.

ಡಾಕ್ಟರು ವಿವರಿಸುವಾಗ ನೀನು ಒಬ್ಬಳೇ ನಿಲ್ಲಬೇಡ, ನಾನೂ ಬರುತ್ತೇನೆ. ಕಾಫಿ ಕೊಯ್ಲು ಒಂದೆರಡು ದಿನ ಕಾದೀತು.

ನಿನ್ನ
ದೊಡ್ಡಪ್ಪ