ಲೇಬಲ್ ಪ್ರಿಂಟರ್ ಮಾರುವವರು ಪೂರ್ತಿ ಹೇಳಲಿ

ಮಾನ್ಯರೇ,

ಶಿರಸಿ ಸುತ್ತಮುತ್ತ ಅಪ್ಪೆಮಿಡಿ ಉಪ್ಪಿನಕಾಯಿ, ಮುರುಗಲು ಶರಬತ್ತು ಮಾಡಿ ಮಾರುವ ಮನೆಗಳು ಬಹಳ. ನಮ್ಮದೂ ಒಂದು. ಈಗ ಎಲ್ಲರ ಜಗುಲಿಗೂ ಅಂಗೈಯಗಲದ ಥರ್ಮಲ್ ಲೇಬಲ್ ಪ್ರಿಂಟರ್ ಬಂದಿದೆ. ಶಾಯಿ ಬೇಡ, ಮೊಬೈಲಿನಿಂದಲೇ ಬ್ಲೂಟೂತ್‌ನಲ್ಲಿ ಮುದ್ರಣ. ತೂಕ, ಬೆಲೆ, ತಯಾರಿಸಿದ ತಿಂಗಳು ಬೇಕಾದಾಗ ಬದಲಿಸಬಹುದು. ಅನುಕೂಲ ಹೌದು, ಸುಳ್ಳಲ್ಲ.

ಆದರೆ ಮಾರುವವರು ಒಂದು ಮಾತು ನುಂಗುತ್ತಾರೆ. ಇದರಲ್ಲಿ ಅಕ್ಷರ ಮೂಡುವುದು ಬಿಸಿ ತಾಗಿದರೆ ಕಪ್ಪಾಗುವ ಕಾಗದದ ಲೇಪನದಿಂದ. ಬಿಸಿಲು, ಎಣ್ಣೆ ಅದಕ್ಕೆ ಆಗದು. ಕುಮಟಾದ ಅಂಗಡಿಯೊಂದರಲ್ಲಿ ಬಿಸಿಲು ಬೀಳುವಲ್ಲಿ ಇಟ್ಟಿದ್ದ ನಮ್ಮ ಬಾಟಲಿಗಳಲ್ಲಿ ಹೆಸರು ಅರೆಬರೆ, ದಿನಾಂಕ ಪೂರ್ತಿ ಮಾಯ. ಹಳೇ ಮಾಲು ಅಂತ ಗಿರಾಕಿಗಳು ಮುಟ್ಟಲಿಲ್ಲವಂತೆ. ಬಾಳಿಕೆ ಬೇಕೆಂದರೆ ರಿಬ್ಬನ್ ಹಾಕಿ ಅದರ ಶಾಯಿಯನ್ನು ಬಿಸಿಯಿಂದ ಲೇಬಲ್ಲಿಗೆ ಅಂಟಿಸುವ ಥರ್ಮಲ್ ಟ್ರಾನ್ಸ್‌ಫರ್ ಯಂತ್ರವೇ ಬೇರೆ ಇದೆ. ಅದನ್ನು ತೋರಿಸುವವರೇ ಇಲ್ಲ.

ಇನ್ನು ಕನ್ನಡದ ಪಾಡು. ಈ ಪ್ರಿಂಟರುಗಳ ಮುದ್ರಣ ಸಾಮಾನ್ಯವಾಗಿ 203 ಡಿಪಿಐ (ಇಂಚಿಗೆ 203 ಚುಕ್ಕಿ), ಎಂದರೆ ಮಿಲಿಮೀಟರಿಗೆ 8 ಚುಕ್ಕಿ ಮಾತ್ರ. ಸಣ್ಣಕ್ಷರದಲ್ಲಿ ‘ಉಪ್ಪಿನಕಾಯಿ’ಯ ಒತ್ತಕ್ಷರ ಮೆತ್ತಿಕೊಂಡು ಕರಿಬೊಟ್ಟಾಗುತ್ತದೆ. ಅಂಗಡಿಯಲ್ಲಿ ಡೆಮೊ ತೋರಿಸುವುದು ಮಾತ್ರ ಯಾವಾಗಲೂ ಇಂಗ್ಲಿಷಿನಲ್ಲಿ! ಕೊಳ್ಳುವವರು ತಮ್ಮದೇ ಕನ್ನಡ ಲೇಬಲ್ ಮುದ್ರಿಸಿ ನೋಡಿ ದುಡ್ಡು ಕೊಡಲಿ. ಮಾಸುವ ಕಾಗದವೋ ಅಲ್ಲವೋ ಎಂಬುದನ್ನು ಮಾರುವವರು ಬಿಲ್ಲಿನಲ್ಲೇ ಬರೆದುಕೊಡಲಿ.

– ಉಪ್ಪಿನಕಾಯಿ ತಯಾರಕಿ, ಶಿರಸಿ