ಮೊಂತಿ ಫೆಸ್ತ್: ಒಂದೆರಡು ವಿಷಯ
ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್ 8ಕ್ಕೆ ನಮ್ಮ ಬಿಲ್ಡಿಂಗಿನ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಮೊಂತಿ ಫೆಸ್ತ್, ಅಂದರೆ ಮಾತೆ ಮರಿಯಮ್ಮನ ಹುಟ್ಟುಹಬ್ಬ, ಜೊತೆಗೆ ಹೊಸ ತೆನೆಯ ಹಬ್ಬ. ಆ ದಿನ ಅವರಿಗೆ ಮೀನು, ಕೋಳಿ ಕಳಿಸಬೇಡಿ ಮಾರಾಯ್ರೇ. ಬಾಳೆಎಲೆಯಲ್ಲಿ ಪೂರ್ತಿ ತರಕಾರಿ ಊಟ. ಚರ್ಚಿನಲ್ಲಿ ಆಶೀರ್ವದಿಸಿ ಕೊಟ್ಟ ತೆನೆಯ ಕಾಳು ಸುಲಿದು, ಪುಡಿ ಮಾಡಿ, ಹಾಲಿಗೋ ಪಾಯಸಕ್ಕೋ ಬೆರೆಸಿ ಮೊದಲು ಅದನ್ನೇ ಸವಿಯುತ್ತಾರೆ. ತುಳುವರ ಮನೆಗಳಲ್ಲೂ ಕುರಲ್ ಪರ್ಬಕ್ಕೆ (ತೆನೆ ಹಬ್ಬಕ್ಕೆ) ತೆನೆ ಕಟ್ಟಿ ಪುದ್ವಾರ್ (ಹೊಸಕ್ಕಿ ಊಟ) ಉಣ್ಣುವುದಿಲ್ಲವೇ? ದೇವರು ಬೇರೆ, ಗದ್ದೆ ಒಂದೇ. (ಮಂಗಳೂರಲ್ಲಿ ಈಗ ಗದ್ದೆ ಎಲ್ಲಿದೆ ಅಂತ ಕೇಳಬೇಡಿ!)

ಆಗಸ್ಟ್ 30ರಿಂದ ನೊವೆನಾ, ಅಂದರೆ ಒಂಬತ್ತು ದಿನಗಳ ಪ್ರಾರ್ಥನೆ. ಮಾತೆ ಮರಿಯಮ್ಮನಿಗೆ ಮಕ್ಕಳು ದಿನಾ ಹೂ ಒಯ್ಯುತ್ತಾರೆ. ಅಂಗಳದಲ್ಲಿ ದಾಸವಾಳ, ಗೊರಟೆ ಇದ್ದವರು ಕೊಯ್ಯಲು ಬಿಡಿ. "ಈ ತೆನೆ ಹಬ್ಬ ಯಾರಿಂದ ಯಾರಿಗೆ ಬಂತು" ಎಂಬ ಫಾರ್ವರ್ಡ್ ಜಗಳ ಮಾತ್ರ ಈ ಗ್ರೂಪಿನಲ್ಲಿ ಬೇಡ.