ಗಾಳದ ಸಣ್ಣ ಮೀನಿಗೂ ಒಳ್ಳೆ ನೀರು ಬೇಕು

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಮ್ಮ ಸೊಸೈಟಿಯ ಹುಡುಗನೊಬ್ಬ ಬಕೆಟ್ ಹಿಡಿದುಕೊಂಡು ಮನೆಗೆ ಬಂದ. ಬಕೆಟ್ಟಿನಲ್ಲಿ 30 ಸಣ್ಣ ಮೀನು, ಎಲ್ಲಾ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಕೊರವ ಅನ್ನುವ ದೊಡ್ಡ ಮೀನು ಹಿಡಿಯಲು ಗಾಳಕ್ಕೆ ಸಿಕ್ಕಿಸುವ ಜೀವಂತ ಮೀನು ಬೇಕು ಅಂತ ಹಳ್ಳದಲ್ಲಿ ಬಲೆ ಹಾಕಿ ತಂದಿದ್ದನಂತೆ. "ಕಾಕಾ, ದಿನಾ ಪೂರ್ತಿ ನೀರು ಬದಲಾಯಿಸ್ತಿದ್ದೆ, ಆದ್ರೂ ಸತ್ತುಹೋದ್ವು" ಅಂದ. ಹುಡುಗನ ಕಣ್ಣಲ್ಲಿ ನೀರಿತ್ತು. ನೀರು ಬದಲಾಯಿಸಿದ್ದರಿಂದಲೇ ಸತ್ತವು ಅಂತ ಅವನಿಗೆ ಹೇಳುವುದು ನನಗೆ ಕಷ್ಟವಾಯಿತು.

ಪುಣೆಯಲ್ಲಿ ಭಾನುವಾರ ಗಾಳ ಹಿಡಿದು ನೀರಿನ ಕಡೆ ಹೋಗುವ ಕನ್ನಡಿಗರು ಸಾಕಷ್ಟು ಜನ ಇದ್ದೇವೆ. ನಮ್ಮಲ್ಲಿ ಹೆಚ್ಚಿನವರು ಭೀಮೆ, ಕೃಷ್ಣೆಯ ದಂಡೆಯ ಊರುಗಳಿಂದ ಬಂದವರು. ನನ್ನದು ಅಫಜಲಪುರ ತಾಲೂಕು. ಊರಲ್ಲಿ ಅಪ್ಪ ಹೊಳೆಯಲ್ಲೇ ಮರಿಮೀನು ಹಿಡಿದು, ಅದೇ ಹೊಳೆಗೆ ಗಾಳ ಹಾಕುತ್ತಿದ್ದರು. ಇಟ್ಟು ಸಾಕುವ ಮಾತೇ ಇರಲಿಲ್ಲ. ಇಲ್ಲಿ ಹಾಗಲ್ಲ. ಶನಿವಾರ ಸಂಜೆ ಹಿಡಿದದ್ದನ್ನು ಮುಂದಿನ ಭಾನುವಾರದ ತನಕ ಫ್ಲ್ಯಾಟಿನ ಬಾಲ್ಕನಿಯಲ್ಲಿ ಜೀವಂತ ಇಟ್ಟುಕೊಳ್ಳಬೇಕು. ಅದು ಬೇರೆಯೇ ಕೆಲಸ, ಅದನ್ನು ನಮಗೆ ಯಾರೂ ಕಲಿಸಿಲ್ಲ. ಅದಕ್ಕೇ ಈ ಪತ್ರ.

ಮೊದಲು ನೀರಿನ ವಿಷಯ. ಪುಣೆಯಲ್ಲಿ ದುರಸ್ತಿಗೆ ಅಂತ ನಲ್ಲಿ ನೀರು ನಿಲ್ಲಿಸುವುದು ಸಾಮಾನ್ಯವಾಗಿ ಗುರುವಾರ. ಮರುದಿನ ಶುಕ್ರವಾರ ನೀರು ತಡವಾಗಿ, ಕಡಿಮೆ ಒತ್ತಡದಲ್ಲಿ ಬರುತ್ತದೆ. ಹತ್ತು ವರ್ಷದ ಹಿಂದೆ ಅಂಥದ್ದೇ ಒಂದು ಶುಕ್ರವಾರ, ಎರಡು ದಿನದಿಂದ ನೀರು ಬದಲಾಯಿಸಿಲ್ಲವಲ್ಲ ಅಂತ ಅವಸರದಲ್ಲಿ ನಲ್ಲಿ ನೀರನ್ನು ಹಾಗೇ ಟ್ಯಾಂಕಿಗೆ ತುಂಬಿಸಿದೆ. ಕ್ಲೋರಿನ್ ವಾಸನೆ ಮೂಗಿಗೆ ಬಡಿಯುತ್ತಿತ್ತು, ಆದರೆ ಅದರ ಅರ್ಥ ನನಗೆ ಹೊಳೆಯಲಿಲ್ಲ. ಹತ್ತು ನಿಮಿಷದಲ್ಲಿ ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆದು ಗುಟುಕು ಗುಟುಕಾಗಿ ಗಾಳಿ ನುಂಗತೊಡಗಿದವು. ಕಿವಿರಿನ ಮುಚ್ಚಳ ಪಟಪಟ ಬಡಿಯುತ್ತಿತ್ತು. ಒಂದೆರಡು ಟ್ಯಾಂಕಿನಿಂದ ಹೊರಗೇ ಹಾರಿದವು. ಮಧ್ಯಾಹ್ನದೊಳಗೆ 40 ಮೀನೂ ಹೋದವು. ನಮ್ಮ ಕುಡಿಯುವ ನೀರಿಗೆ ಕ್ಲೋರಿನ್ ಬೇಕೇ ಬೇಕು, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಅದೇ ಕ್ಲೋರಿನ್ ಮೀನಿನ ಕಿವಿರನ್ನು ಸುಟ್ಟುಬಿಡುತ್ತದೆ.

ಪರಿಹಾರ ಕಷ್ಟದ್ದಲ್ಲ. ಬಕೆಟ್ಟಿನಲ್ಲಿ ನೀರು ಹಿಡಿದು ಏರ್ ಪಂಪಿನ, ಗುಳ್ಳೆ ಬಿಡುವ ಕಲ್ಲು ಇಳಿಬಿಟ್ಟು 24 ಗಂಟೆ ಇಡಿ, ಕ್ಲೋರಿನ್ ಹಾರಿಹೋಗುತ್ತದೆ. ಕ್ಲೋರಮೈನ್, ಅಂದರೆ ಕ್ಲೋರಿನ್ ಜೊತೆ ಅಮೋನಿಯಾ ಸೇರಿದ್ದು, ಬೆರೆಸಿದ ನೀರಾದರೆ ಹೀಗೆ ಇಟ್ಟರೂ ಹೋಗುವುದಿಲ್ಲ. ಅವಸರ ಇದ್ದರೆ ಅಕ್ವೇರಿಯಂ ಅಂಗಡಿಯಲ್ಲಿ ಆಂಟಿ-ಕ್ಲೋರಿನ್ ಸಿಗುತ್ತದೆ. ಹಿಂದೆ ಫೋಟೋ ಸ್ಟುಡಿಯೋದವರು ಬಳಸುತ್ತಿದ್ದ ಹೈಪೋ ಹರಳು ಕೂಡ ಕ್ಲೋರಿನ್ ತೆಗೆಯುತ್ತದೆ. ಬಾಟಲಿಯ ಮೇಲೆ ಬರೆದಷ್ಟೇ ಹಾಕಿ, ಜಾಸ್ತಿ ಬೇಡ. ಟ್ಯಾಂಕರ್ ಅಥವಾ ಬೋರ್‌ವೆಲ್ ನೀರಾದರೂ ಒಂದು ರಾತ್ರಿ ಗಾಳಿ ಆಡಿಸಿಯೇ ಬಳಸಿ, ನೆಲದಾಳದ ನೀರಲ್ಲಿ ಆಮ್ಲಜನಕ ಕಡಿಮೆ ಇರುತ್ತದೆ.

ಇನ್ನು ಆ ಹುಡುಗ ಕೇಳಿದ ಪ್ರಶ್ನೆ. ಹಾಗಾದರೆ ನೀರನ್ನು ಬದಲಾಯಿಸಲೇಬಾರದಾ ಅಂತ. ಬದಲಾಯಿಸಬೇಕು, ಆದರೆ ಪೂರ್ತಿ ಅಲ್ಲ. ಮೀನು ಕಿವಿರಿನಿಂದ ಅಮೋನಿಯಾ ಬಿಡುತ್ತಲೇ ಇರುತ್ತದೆ. ಉಳಿದ ಆಹಾರ ಕೊಳೆತರೂ ಅಮೋನಿಯಾವೇ. ಅದನ್ನು ತಿಂದು ಕರಗಿಸುವ ಸೂಕ್ಷ್ಮಜೀವಿಗಳು ಫಿಲ್ಟರಿನ ಸ್ಪಂಜಿನಲ್ಲಿ ಮನೆ ಮಾಡಿಕೊಳ್ಳುತ್ತವೆ, ಅದಕ್ಕೆ ನಾಲ್ಕರಿಂದ ಆರು ವಾರ ಬೇಕು. ಅಂದರೆ ಇವತ್ತು ಟ್ಯಾಂಕು ತಂದು ನಾಳೆ 50 ಮೀನು ಹಾಕಿದರೆ ಆ ಮೀನು ತನ್ನ ಹೊಲಸಿನಲ್ಲೇ ಉಸಿರುಗಟ್ಟುತ್ತದೆ. ಮೊದಲು ನಾಲ್ಕೈದು ಮೀನಿನಿಂದ ಶುರು ಮಾಡಿ. ಎರಡು ದಿನಕ್ಕೊಮ್ಮೆ ಕಾಲು ಭಾಗ ನೀರು ತೆಗೆದು, ಕ್ಲೋರಿನ್ ಹೋದ ನೀರು ಹಾಕಿ. ಸ್ಪಂಜನ್ನು ನಲ್ಲಿ ಕೆಳಗೆ ಹಿಡಿದು ತಿಕ್ಕಿ ತೊಳೆಯಬೇಡಿ, ಟ್ಯಾಂಕಿನಿಂದ ತೆಗೆದ ನೀರಲ್ಲೇ ಒಮ್ಮೆ ಹಿಂಡಿದರೆ ಸಾಕು. ನಲ್ಲಿ ನೀರಿಗೆ ಒಡ್ಡಿದರೆ ಆ ಜೀವಿಗಳೂ ಸಾಯುತ್ತವೆ, ಮತ್ತೆ ಮೊದಲಿಂದ ಶುರು.

ಒಂದು ವಿಷಯ ಮಾತ್ರ ಒತ್ತಿ ಹೇಳಬೇಕು. ಈಗಿನ ಹುಡುಗರು ಮೊಬೈಲಿನಲ್ಲಿ ಅಮೆರಿಕದ ವಿಡಿಯೋ ನೋಡಿ ಕಲಿಯುತ್ತಾರೆ. ಅಲ್ಲಿ ಇದು ದೊಡ್ಡ ಕಸುಬೇ. ಫ್ಯಾಟ್‌ಹೆಡ್ ಮಿನ್ನೋ, ಗೋಲ್ಡನ್ ಶೈನರ್ ಅಂತ ಮೀನುಗಳನ್ನು ಕೆರೆ ಕಟ್ಟಿ ಬೆಳೆಸಿ ಅಂಗಡಿಯಲ್ಲಿ ಮಾರುತ್ತಾರೆ, ಆರ್ಕನ್ಸಾ ರಾಜ್ಯ ಅದಕ್ಕೆ ಹೆಸರುವಾಸಿ. ಅವು ಚಳಿಗಾಲದಲ್ಲಿ ಮಂಜುಗಡ್ಡೆಯ ಕೆಳಗೂ ಬದುಕುವ ಮೀನು. ಅದಕ್ಕೇ ನೀರನ್ನು 10-15 ಡಿಗ್ರಿ ತಣ್ಣಗೆ ಇಡಿ, ಐಸ್ ಹಾಕಿ ಅಂತ ಅವರು ಹೇಳುತ್ತಾರೆ. ನಮ್ಮ ಹಳ್ಳದ ಮೀನು ಬೇರೆ. ಪಕ್ಕದಲ್ಲಿ ಕಪ್ಪು ಗೆರೆ ಇರುವ ಬೆರಳುದ್ದದ ರಸ್ಬೋರಾ, ಬಾಲದ ಬುಡದಲ್ಲಿ ಕಪ್ಪು ಚುಕ್ಕೆ ಇರುವ ಸಣ್ಣ ಬಾರ್ಬ್, ಇವೆಲ್ಲ ಬೆಚ್ಚಗಿನ ನೀರಿನವು. ಇವುಗಳ ಟ್ಯಾಂಕಿಗೆ ಐಸ್ ಸುರಿದರೆ ಕೊಂದಂತೆಯೇ.

ಹಾಗಂತ ಬಿಸಿಲಿಗೆ ಬಿಡುವಂತೆಯೂ ಇಲ್ಲ. ನೀರು 20 ಡಿಗ್ರಿ ಇದ್ದಾಗ ಒಂದು ಲೀಟರಿನಲ್ಲಿ ಸುಮಾರು 9 ಮಿಲಿಗ್ರಾಂ ಆಮ್ಲಜನಕ ನಿಲ್ಲುತ್ತದೆ, 30 ಡಿಗ್ರಿಗೆ ಹೋದರೆ ಏಳೂವರೆ ಅಷ್ಟೇ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿಯ ಬಾಲ್ಕನಿ ಹೇಗೆ ಕಾಯುತ್ತದೆ ಅಂತ ಗೊತ್ತಲ್ವಾ. ಟ್ಯಾಂಕನ್ನು ಒಳಗೆ ನೆರಳಿಗೆ ತನ್ನಿ, ನೀರಿನ ಮೇಲೆ ಫ್ಯಾನಿನ ಗಾಳಿ ಬೀಳುವಂತೆ ಇಡಿ. ಬಹಳ ಸೆಕೆ ಇದ್ದರೆ ನೀರು ತುಂಬಿ ಫ್ರೀಜರಿನಲ್ಲಿಟ್ಟ ಸಣ್ಣ ಬಾಟಲಿಯನ್ನು ಮುಚ್ಚಳ ಬಿಗಿದು ತೇಲಿ ಬಿಡಿ, ಎರಡು ಡಿಗ್ರಿ ಇಳಿದರೆ ತೆಗೆದುಬಿಡಿ. ಕರೆಂಟ್ ಹೋದಾಗ ಏರ್ ಪಂಪ್ ನಿಲ್ಲುತ್ತದೆ, ಬ್ಯಾಟರಿಯ ಸಣ್ಣ ಪಂಪ್ ಒಂದು ಇಟ್ಟುಕೊಳ್ಳಿ.

ಹಿಡಿಯುವಾಗಲೂ ಕೈ ಮೆತ್ತಗಿರಲಿ. ಒರಟು ನೈಲಾನ್ ಬಲೆ ತಾಗಿದರೆ, ಒಣ ಕೈಯಲ್ಲಿ ಮುಟ್ಟಿದರೆ ಮೈಮೇಲಿನ ಲೋಳೆ, ಹುರುಪೆ ಕಿತ್ತುಬರುತ್ತವೆ. ಮೂರನೇ ದಿನ ನೋಡಿದರೆ ಅದೇ ಜಾಗದಲ್ಲಿ ಹತ್ತಿಯ ಎಳೆ ಅಂಟಿಸಿದ ಹಾಗೆ ಬಿಳಿ ಬೂಷ್ಟು ಬೆಳೆದಿರುತ್ತದೆ. ಅಂಥ ಮೀನನ್ನು ಬೇರೆ ಇಡಿ. ತಂದ ದಿನ ಲೀಟರಿಗೆ ಒಂದೆರಡು ಗ್ರಾಂ ಕಲ್ಲುಪ್ಪು, ಅಯೋಡಿನ್ ಇಲ್ಲದ್ದು, ಕರಗಿಸಿ ಹಾಕಿದರೆ ಮೀನು ಬೇಗ ಸುಧಾರಿಸಿಕೊಳ್ಳುತ್ತದೆ. ತಂದ ಚೀಲವನ್ನು ಕಾಲು ಗಂಟೆ ಟ್ಯಾಂಕಿನ ನೀರಲ್ಲಿ ತೇಲಿಬಿಟ್ಟು ಆಮೇಲೆ ಮೀನು ಬಿಡಿ. ಆಹಾರ ದಿನಕ್ಕೆ ಒಂದೇ ಸಲ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು. ಭಾನುವಾರ ಒಯ್ಯುವುದಾದರೆ ಶನಿವಾರ ಏನೂ ಹಾಕಬೇಡಿ, ಹೊಟ್ಟೆ ಖಾಲಿ ಇದ್ದರೆ ಡಬ್ಬಿಯ ನೀರು ಕೆಡುವುದಿಲ್ಲ.

ಇಷ್ಟೆಲ್ಲ ಯಾಕೆ, ಹೇಗಿದ್ದರೂ ಗಾಳಕ್ಕೆ ಹೋಗುವ ಮೀನು ತಾನೇ ಅಂತ ನನ್ನ ಗೆಳೆಯರೇ ಕೇಳುತ್ತಾರೆ. ನಾನು ಒಪ್ಪುವುದಿಲ್ಲ. ಗಾಳಕ್ಕೆ ಹಾಕುವ ತನಕ ಅದು ನಮ್ಮ ಮನೆಯಲ್ಲಿದೆ, ಅಷ್ಟು ದಿನ ಅದನ್ನು ನರಳಿಸುವ ಹಕ್ಕು ನಮಗಿಲ್ಲ. ಹತ್ತು ಮೀನು ಬೇಕಿದ್ದಲ್ಲಿ ನಲವತ್ತು ಹಿಡಿದು ಮೂವತ್ತನ್ನು ಕೊಲ್ಲುವುದು ಹಳ್ಳಕ್ಕೂ ಅನ್ಯಾಯ. ಈ ಮೀನುಗಳು ಮೊಟ್ಟೆ ಇಡುವುದು ಮಳೆಗಾಲದಲ್ಲಿ, ಹೊಟ್ಟೆ ದಪ್ಪ ಇರುವ ಹೆಣ್ಣು ಬಲೆಗೆ ಬಿದ್ದರೆ ಅಲ್ಲೇ ಬಿಟ್ಟುಬಿಡಿ.

ಕೊನೆಗೆ ಉಳಿದ ಮೀನು. ಇದನ್ನು ದಯವಿಟ್ಟು ಎಲ್ಲರೂ ಗಮನಿಸಬೇಕು. ಗಾಳ ಹಾಕಿ ಮುಗಿದ ಮೇಲೆ ಬಕೆಟ್ಟನ್ನು ಎದುರಿಗಿರುವ ನೀರಿಗೆ ಸುರಿದು ಬರುವ ಅಭ್ಯಾಸ ನಮ್ಮಲ್ಲಿದೆ, ಪುಣ್ಯದ ಕೆಲಸ ಅಂತಲೇ ಮಾಡುತ್ತಾರೆ. ಆದರೆ ಬೇರೆ ಹಳ್ಳದ ಮೀನು, ಅದಕ್ಕಿಂತ ಹೆಚ್ಚಾಗಿ ಅಂಗಡಿಯಿಂದ ತಂದ ಮೀನು, ತನ್ನ ಜೊತೆ ರೋಗವನ್ನೂ ಒಯ್ಯುತ್ತದೆ. ಜಿಲೇಬಿ ಮೀನು, ಅಂದರೆ ತಿಲಾಪಿಯಾ, ಹೊರಗಿನಿಂದ ನಮ್ಮ ದೇಶಕ್ಕೆ ಬಂದದ್ದು 1952ರಲ್ಲಿ, ಈಗ ಅದಿಲ್ಲದ ಕೆರೆ ಹುಡುಕಬೇಕು. ನಮ್ಮ ನದಿಗೂ ಅದರದೇ ಮೀನುಗಳಿವೆ: ದಖ್ಖನಿನ ಮಹಶೀರ್ ಮೀನನ್ನು ಬ್ರಿಟಿಷ್ ಅಧಿಕಾರಿ ಕರ್ನಲ್ ಸೈಕ್ಸ್ 1839ರಲ್ಲಿ ಮೊದಲ ಸಲ ದಾಖಲಿಸಿದ್ದು ಪುಣೆಯ ಇದೇ ಮುಳಾ-ಮುಠಾ ನದಿಯಲ್ಲಿ ಸಿಕ್ಕ ಮೀನನ್ನು ನೋಡಿ. ಖಡಕವಾಸಲಾದಿಂದ ಹೊರಟ ಮುಠಾ ಊರೊಳಗೆ ಮುಳಾ ಸೇರಿ, ಭೀಮೆಗೆ ಕೂಡಿ, ಉಜನಿ, ಪಂಢರಪುರ ದಾಟಿ ನಮ್ಮ ಊರಿಗೇ ಬರುತ್ತದೆ. ಇಲ್ಲಿ ನಾವು ಸುರಿದದ್ದು ನಮ್ಮವರ ಬಲೆಗೇ ಹೋಗಿ ಬೀಳುತ್ತದೆ. ಉಳಿದ ಮೀನನ್ನು ಮನೆಗೆ ವಾಪಸ್ ತನ್ನಿ, ಅಥವಾ ಟ್ಯಾಂಕು ಇರುವ ಇನ್ನೊಬ್ಬರಿಗೆ ಕೊಡಿ.

ಆ ಹುಡುಗ ಈಗ ಹಳೆಯ ಟ್ಯಾಂಕೊಂದಕ್ಕೆ ನನ್ನ ಟ್ಯಾಂಕಿನ ಹಳೇ ಸ್ಪಂಜು ಹಾಕಿ ಐದು ಮೀನು ಬಿಟ್ಟಿದ್ದಾನೆ. ಮೇಲೆ ಸೊಳ್ಳೆ ಪರದೆಯ ತುಂಡು ಕಟ್ಟಿದ್ದಾನೆ, ಹಾರದಿರಲಿ ಅಂತ. ಐದೂ ಬದುಕಿವೆ. ಮಳೆ ಶುರುವಾದರೆ ಹುಡುಗರೆಲ್ಲ ಬಲೆ ಹಿಡಿದು ಹಳ್ಳಕ್ಕೆ ಇಳಿಯುತ್ತಾರೆ, ಅಷ್ಟರೊಳಗೆ ಈ ಪತ್ರ ಪ್ರಕಟಿಸಿದರೆ ಉಪಕಾರವಾಗುತ್ತದೆ.

— ಓದುಗ, ಸಿಂಹಗಡ ರಸ್ತೆ, ಪುಣೆ